ಪ್ರಶ್ನೆ ಕೇಳೋರಿದ್ದರೆ ಬರ್ತೀನಿ ಎಂದ ಕಮಾಂಡರ್

ನಮ್ಮ ಕಮಾಂಡರರ ಹುಬ್ಬನ್ನು ಹಳೆಯ ಗಾಯದ ಗೀರೊಂದು ಎರಡು ತುಂಡು ಮಾಡಿತ್ತು. ಸಿಟ್ಟು ಬಂದಾಗ ಒಂದು ತುಂಡು ಮಾತ್ರ ಮೇಲೇರುತ್ತಿತ್ತು. ಎಡ ಹುಬ್ಬೋ ಬಲವೋ, ಪ್ರಮಾಣ ಮಾಡಿ ಹೇಳಲಾರೆ. ಇನ್ನೊಂದು ವಿಷಯದಲ್ಲಂತೂ ನನ್ನ ನೆನಪನ್ನು ನಾನೇ ನಂಬುವುದಿಲ್ಲ.

ಎಂ.ಎ. ಮುಗಿಸಿ ಸೈನ್ಯ ಸೇರಿದ ನಾನು ಅವರ ಪಲ್ಟನ್ನಿನಲ್ಲಿ ಜವಾನರಿಗೆ ಪಾಠ ಹೇಳುವ ಹವಿಲ್ದಾರನಾಗಿದ್ದೆ. ಕಮಾಂಡರ್ ತಿಂಗಳಿಗೊಮ್ಮೆ ಎಲ್ಲರನ್ನೂ ಕೂರಿಸಿ ಮಾತಾಡುತ್ತಿದ್ದರು. ಕೊನೆಗೆ "ಕೋಯಿ ಪಾಯಿಂಟ್?", ಅಂದರೆ ಪ್ರಶ್ನೆ ಏನಾದರೂ ಇದೆಯೇ, ಎಂದು ಕೇಳುವುದು ವಾಡಿಕೆ, ಯಾರೂ ಏನನ್ನೂ ಕೇಳದಿರುವುದೂ ವಾಡಿಕೆ. ಗಡಿಗೆ ಹೊರಡುವ ಆದೇಶ ಬಂದು ಎಲ್ಲರ ರಜೆ ರದ್ದಾದ ದಿನ ಮಾತ್ರ ಒಬ್ಬ ಎದ್ದು, ಸಾಹೇಬರ ರಜೆಯೂ ರದ್ದೇ ಎಂದು ಕೇಳಿದ. "ನನ್ನದೂ ರದ್ದು" ಎಂದರು. ಕೇಳಿದವನು ನಾನೇ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ನಮ್ಮ ಪಲ್ಟನ್ನಿನಲ್ಲಿದ್ದ ಆನೇಕಲ್ಲಿನ ಡ್ರೈವರ್ ಕೇಳಿದ್ದು ಎಂದು ಉಳಿದವರ ವಾದ. ಉತ್ತರವನ್ನಂತೂ ನಾನು ಆಗಲೇ ನಂಬಿರಲಿಲ್ಲ. ಅಧಿಕಾರಿಗಳು ಹಾಗೆಲ್ಲ ಹೇಳುತ್ತಾರೆ.

ನಿವೃತ್ತರಾದ ನಾವೆಲ್ಲ ಒಮ್ಮೆ ರಾಜಗೋಪಾಲನಗರದ ಕಲ್ಯಾಣಮಂಟಪದಲ್ಲಿ ಸೇರುವುದೆಂದಾಯಿತು. ಕಮಾಂಡರ್ ಬಂದು ಭಾಷಣ ಮಾಡಬೇಕು. ಕರೆಯುವ ಕೆಲಸ ನನಗೆ ಬಿತ್ತು. "ನೀನು ಓದಿರೋನು ಗುರು, ನಿನ್ ಮಾತು ಕೇಳ್ತಾರೆ" ಎಂದ ಡ್ರೈವರ್. ನಾನಿರುವ ಪೀಣ್ಯದಿಂದ ವೈಟ್‌ಫೀಲ್ಡಿನ ಅವರ ಅಪಾರ್ಟ್‌ಮೆಂಟಿಗೆ ಹೋಗಿಬರುವುದೆಂದರೆ ಭಾನುವಾರವಿಡೀ ಬಸ್ಸಿಗೆ ಅರ್ಪಣೆ.

"ಗ್ವಾಡಿಗೆ ಭಾಷಣ ಮಾಡಿ ಸಾಕಾಗೇತಿ" ಎಂದರು ಕಮಾಂಡರ್ ತಮ್ಮ ಹಾವೇರಿ ಮಾತಿನಲ್ಲಿ. ಚಹಾ ಕುಡಿಸಿ ಕಳಿಸಿದರು.

ಮುಂದಿನ ಭಾನುವಾರ ಮತ್ತೆ ಹೋದೆ. "ಒಬ್ಬ ಕೇಳಿದ್ದನಲ್ಲ ಸರ್, ರಜೆ ವಿಷಯ" ಎಂದೆ.

"ಹೌದು, ಅಂವ ಒಬ್ಬ ಕೇಳಿದ್ದ. ಯಾರಂವ, ನಿನಗ ನೆನಪೈತೇನು?"

ನಾನೇ ಎನ್ನಲು ಹೋಗಿ, ಚಹಾದ ಕಪ್ಪು ಎತ್ತಿಕೊಂಡೆ.

"ಪ್ರಶ್ನೆ ಕೇಳೋರಿದ್ರ ಬರ್ತೀನಿ. ಇಲ್ಲಂದ್ರ ನಿಮ್ಮ ಪಾಡಿಗೆ ಉಂಡು ಮನೀಗೆ ಹೋಗ್ರಿ."

ಕೇಳುತ್ತಾರೆ ಎಂದು ಭರವಸೆ ಕೊಟ್ಟು ಬಂದೆ. ಅವರೂ ಬಂದರು. ಮೈಕು ಹಿಡಿದವರೇ "ಕೋಯಿ ಪಾಯಿಂಟ್?" ಎಂದರು. ಬೆಳಗಿನಿಂದ ಪಾರ್ಕಿಂಗ್ ಜಾಗಕ್ಕೆ ಗಂಟಲು ಹರಿದುಕೊಂಡಿದ್ದ ಶೂರರೆಲ್ಲ ತಂತಮ್ಮ ಚಪ್ಪಲಿ ನೋಡತೊಡಗಿದರು. ಹುಬ್ಬಿನ ತುಂಡು ಮೇಲೇರಿತು. ಡ್ರೈವರ್ ನನ್ನ ಪಕ್ಕೆ ತಿವಿದ.

"ಏಳು ಮಗಾ, ಮಾನ ಹೋಗ್ತೈತೆ."

"ನೀನೇ ಏಳು."

"ಅವತ್ತು ಕೇಳ್ದೋನು ನೀನೇ ಅಂತೀಯಲ್ಲ, ಇವತ್ತೂ ಕೇಳು."

ಅವನ ಮೇಲಿನ ಸಿಟ್ಟಿಗೇ ಎದ್ದೆ. "ಸರ್, ಅವತ್ತು ನಿಮ್ಮ ರಜೆ ನಿಜವಾಗ್ಲೂ ರದ್ದಾಗಿತ್ತಾ?"

ಹುಬ್ಬು ಮೆಲ್ಲಗೆ ಇಳಿಯಿತು. "ಆಗಿತ್ತು. ಸಂಶಯ ಇದ್ರ ತನಿಖಿ ಮಾಡು" ಎಂದರು; ಮೈಕು ಕೊಟ್ಟು ಊಟದ ಎಲೆಯ ಮುಂದೆ ಕುಳಿತರು. ಇಷ್ಟಕ್ಕೆ ನನ್ನ ಎರಡು ಭಾನುವಾರ.

ಮರುವರ್ಷ ಅವರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ, "ನೀವೆಲ್ಲ ಗಡಿಗೆ ಹೋದಾಗನ ನಮ್ಮ ಮಗಳ ಮದುವಿ ಇತ್ತು. ಅವರಿಗೆ ಬರಾಕ ಆಗಲಿಲ್ಲ" ಎಂದರು. ನಾಚಿಕೆ ಬಿಟ್ಟು ಆಲ್ಬಮ್ ಕೇಳಿದೆ, ಒಂದೊಂದೇ ಪುಟ ತಿರುವಿದೆ. ಮದುಮಗಳ ತಂದೆ ನಿಲ್ಲಬೇಕಾದ ಜಾಗದಲ್ಲಿ, ಎಲ್ಲ ಫೋಟೋಗಳಲ್ಲೂ, ಕಮಾಂಡರರ ತಮ್ಮ ನಿಂತಿದ್ದಾರೆ.