ಹೆದರಿಕೆ ಬಚ್ಚಿಡದ ಬೀರಣ್ಣ ನಾಯಕರು

ಬೀರಣ್ಣ ನಾಯಕರು ತೀರಿಕೊಂಡ ವಾರಕ್ಕೆ ಅಂಕೋಲೆಯ ವಕೀಲರೆಲ್ಲ ಸೇರಿ ಶೋಕಸಭೆ ನಡೆಸಿದರು. ಯುದ್ಧದಲ್ಲಿ ವಿಮಾನ ಹಾರಿಸಿದವರು, ತೆಂಕಣ ಜಿಲ್ಲೆಗಳಲ್ಲಿ ಹದಿನೆಂಟು ವರ್ಷ ನ್ಯಾಯಾಧೀಶರಾಗಿದ್ದವರು, ಎಪ್ಪತ್ತು ದಾಟಿದ ಮೇಲೂ ಗುಡ್ಡ ಹತ್ತಿದವರು, ಹೆದರಿಕೆಯೆಂಬುದೇ ಗೊತ್ತಿಲ್ಲದ ಮನುಷ್ಯ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಕೋರ್ಟಿನ ರೆಕಾರ್ಡ್ ರೂಮಿನ ಗುಮಾಸ್ತನಾದ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನನ್ನನ್ನು ಯಾರೂ ಮಾತಾಡು ಎನ್ನಲಿಲ್ಲ. ಎಂದಿದ್ದರೆ ಕಷ್ಟವಾಗುತ್ತಿತ್ತು. ಅವರಷ್ಟು ಹೆದರುತ್ತಿದ್ದವರನ್ನು ನಾನು ಬೇರೆ ಕಂಡಿಲ್ಲ.

ನಾನು ಸಂಕೇತ ಹರಿಕಂತ್ರ, ಬೇಲೆಕೇರಿಯವನು. ಹರಿಕಂತ್ರರೆಂದರೆ ಮೀನು ಹಿಡಿಯುವವರು; ಅಪ್ಪ, ಅಜ್ಜ ಎಲ್ಲ ಕಡಲಿಗೆ ಹೋದವರು. ಏಳನೆಯ ವಯಸ್ಸಿನಲ್ಲಿ ಅಪ್ಪನ ದೋಣಿ ಮಗುಚಿ ನಾನು ಬಲೆಯೊಳಗೆ ಸಿಕ್ಕಿಕೊಂಡಿದ್ದೆ. ಅಲ್ಲಿಂದ ಮುಂದೆ ಮೊಣಕಾಲಿಗಿಂತ ಮೇಲೆ ಬರುವ ನೀರಿಗೆ ಇಳಿದವನಲ್ಲ. ನಮ್ಮ ಕೇರಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಕಾರಕೂನಿಕೆ ಹಿಡಿದದ್ದಕ್ಕೆ ಅದೂ ಒಂದು ಕಾರಣ.

ನಾಯಕರು ನಿವೃತ್ತರಾದ ಮೇಲೆ ಅಗಸೂರಿನ ಆಚೆ, ಗಂಗಾವಳಿ ಹೊಳೆಗೆ ಕೂಗಳತೆಯಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಬೆಳಿಗ್ಗೆ ಗುಡ್ಡ, ಸಂಜೆ ಹೊಳೆ. ಇಬ್ಬರು ಮೂವರು ಕೂರುವ ಸಣ್ಣ ದೋಣಿಯೊಂದಿತ್ತು. ನಮ್ಮ ಕಡೆ ಅದಕ್ಕೆ ಪಾತಿ ಅನ್ನುತ್ತಾರೆ. ಅದರಲ್ಲಿ ಗಾಳ ಹಾಕಿಕೊಂಡು ತಾಸುಗಟ್ಟಲೆ ಕೂರುತ್ತಿದ್ದರು. ಅವರು ರಾಜಿ ಮಾಡಿಸಲು ಕೂರುತ್ತಿದ್ದ ಲೋಕ ಅದಾಲತ್ತಿನ ಕಾಗದಗಳಿಗೆ ಸಹಿ ಬೇಕಾದಾಗ ನಾನು ಬೈಕಿನಲ್ಲಿ ಒಯ್ಯುತ್ತಿದ್ದೆ.

ಆ ಆಗಸ್ಟಿನ ಬೆಳಿಗ್ಗೆಯೂ ಹಾಗೇ ಹೋದೆ. ಘಟ್ಟದ ಮೇಲೆ ನಾಲ್ಕು ದಿನದಿಂದ ಬಿಡದೆ ಮಳೆ. ನಾನು ಜಗಲಿ ಹತ್ತಿದಾಗ ಹೊಳೆ ಗದ್ದೆಯಂಚಿನಲ್ಲಿತ್ತು. ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಗದ್ದೆಗಳೇ ಕಾಣಲಿಲ್ಲ. ನಾನು ಬಂದ ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಅದರ ಸದ್ದಿಗೆ ಜಗಲಿಯ ಅಂಚಿನಿಂದ ಹಿಂದೆ ಸರಿದೆ. ಮನೆ ಎತ್ತರದ ದಿಬ್ಬದಲ್ಲಿದೆ, ಇಲ್ಲೇ ಇದ್ದರಾಯಿತು ಎಂದುಕೊಂಡೆ.

ಆಗ ನಾಯಕರಿಗೆ ಫೋನು ಬಂತು. ಕೆಳಗಿನ ಗದ್ದೆಯಂಚಿನ ಮನೆಯ ಕಿಶನ, ಕಾರವಾರದಲ್ಲಿ ಕೆಲಸಕ್ಕಿದ್ದವನು. ಅವನ ಕೂಗು ನನಗೂ ಕೇಳಿಸಿತು.

"ಸಾಹೇಬ್ರೆ, ಅವ್ವಿ ಒಬ್ಳೇ ಅದೆ. ಅಟ್ಟ ಹತ್ತಿ ಕೂತಿದೆ ಅಂತೆ. ಬೋಟಿನವ್ರು ಅಂಕೋಲೆಯಿಂದ ಹೊರಟ್ರೂ ರಸ್ತೆ ಇಲ್ಲ ಅಂತಾರೆ."

ಅವ್ವಿ ಎಂದರೆ ಅವನ ತಾಯಿ ನಾಗಮ್ಮ. ಸೊಂಟ ಬಿದ್ದು ಕೋಲು ಹಿಡಿದು ನಡೆಯುವವಳು. ಅವಳದು ಮಣ್ಣಿನ ಗೋಡೆಯ ಮನೆ. ಮಣ್ಣಿನ ಗೋಡೆ ನೀರಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ.

ನಾಯಕರು ಎದ್ದು ಹುಟ್ಟು ತೆಗೆದುಕೊಂಡರು. ಅವರ ಹೆಂಡತಿ ವೈಜಯಂತಿಬಾಯಿ ಬಾಗಿಲಿಗೆ ಅಡ್ಡ ನಿಂತರು. ಅವರು ಕದ್ವಾಡದವರು, ಸಿಟ್ಟು ಬಂದಾಗ ಕೊಂಕಣಿ ಹೊರಗೆ ಬರುತ್ತಿತ್ತು. ಅಂದು ಕನ್ನಡದಲ್ಲೇ, ಮೆಲ್ಲಗೆ ಹೇಳಿದರು: "ಎಪ್ಪತ್ತೆರಡು ಆಯ್ತು ನಿಮಗೆ. ಒಬ್ಬರೇ ಹೋಗೂಕೆ ನಾ ಬಿಡೂದಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಸಂಕೇತ, ನೀನು ಹರಿಕಂತ್ರರವ ಅಲ್ವಾ? ನಿಂಗೆ ಹುಟ್ಟು ಹಾಕೂಕೆ ಬತ್ತದಲ್ಲ?"

ಹ್ಞೂಂ ಎಂದು ಇನ್ನೊಂದು ಹುಟ್ಟು ಹಿಡಿದೆ. ಅದು ಧೈರ್ಯವಲ್ಲ, ನಾಚಿಕೆ.

ಪಾತಿ ಬೇಲಿ ದಾಟಿದ್ದೇ ನೀರು ನಮ್ಮನ್ನು ಎತ್ತಿಕೊಂಡಿತು. ನಾನು ಮುಂದೆ, ಅವರು ಹಿಂದೆ. ನನ್ನ ಕೈಗಳು ಹುಟ್ಟನ್ನು ಹಿಡಿದಿದ್ದವೇ ಹೊರತು ಅಲ್ಲಾಡುತ್ತಿರಲಿಲ್ಲ. ಹಿಂದಿನಿಂದ ಅವರ ದನಿ ಬಂತು. ಅದಾಲತ್ತಿನಲ್ಲಿ ಕೇಳಿದ ದನಿಯಲ್ಲ, ಕೀರಲು ದನಿ.

"ಸಂಕೇತ, ನಂಗೆ ಭಾಳ ಹೆದ್ರಿಕೆ ಆಗ್ತದೆ. ನಿಂಗೆ?"

ತಿರುಗಿ ನೋಡಿದೆ. ಅವರ ಚಡ್ಡಿಯ ಮುಂಭಾಗ ಒದ್ದೆಯಾಗಿತ್ತು. ಅದು ಹೊಳೆಯ ನೀರಲ್ಲ ಎಂದು ತಿಳಿಯಿತು.

"ಆಗ್ತದೆ ಸಾಹೇಬ್ರೆ. ನಂಗೆ ಈಜೂಕೆ ಬರೂದಿಲ್ಲ," ಎಂದುಬಿಟ್ಟೆ. ಜೀವನದಲ್ಲಿ ಮೊದಲ ಸಲ ಹೇಳಿದ್ದು.

"ಅಡ್ಡಿಲ್ಲ. ಬಾಯಿ ಮುಚ್ಬೇಡ. ಎದುರಿಗೆ ಕಂಡದ್ದು ಕಂಡಹಾಗೆ ದೊಡ್ಡದಾಗಿ ಹೇಳ್ತಾ ಇರು. ನಾ ಮಾಡೂದು ನಾ ಹೇಳ್ತೆ."

ಹಾಗೇ ಕೂಗುತ್ತ ಹೋದೆವು. ಬಲಕ್ಕೆ ತೆಂಗು. ಮುಂದೆ ಸುಳಿ. ಎಡಕ್ಕೆ ತಿರುಗಿಸ್ತೆ. ಹುಲ್ಲಿನ ಬಣವೆ ತೇಲಿ ಬರ್ತಿದೆ. ನಿಲ್ಲು, ಹೋಗಲಿ. ಕೂಗುತ್ತಿದ್ದಾಗ ಕೈಗಳು ತಾವಾಗಿ ಆಡಿದವು. ಹೆದರಿಕೆ ಕಡಿಮೆಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಪ್ರತಿ ಸಲ ಪಾತಿ ವಾಲಿದಾಗಲೂ ನನ್ನ ಮೈಗೆ ಆ ಹಳೆಯ ಬಲೆ ಸುತ್ತಿಕೊಂಡಂತಾಗುತ್ತಿತ್ತು.

ನಾಗಮ್ಮನ ಮನೆಯ ಹಿಂದಿನ ಗೋಡೆ ಆಗಲೇ ಕುಸಿದಿತ್ತು. ಅವಳು ಹಂಚು ಸರಿಸಿ, ತಲೆ ಹೊರಗೆ ಹಾಕಿ, ಮಾಡಿನ ತೊಲೆಯನ್ನು ಅಪ್ಪಿ ಹಿಡಿದಿದ್ದಳು. ನಮ್ಮನ್ನು ಕಂಡವಳು ಮೊದಲು ಹೇಳಿದ್ದು, "ನಾ ಬರೂದಿಲ್ಲ. ಆ ಪಾತಿ ಮಗಚ್ತದೆ."

"ಮಗಚಬಹುದು ನಾಗಮ್ಮ," ಎಂದರು ನಾಯಕರು. "ನಂಗೂ ಅದೇ ಹೆದ್ರಿಕೆ. ಆದ್ರೆ ಮನೆ ಬೀಳೂದು ಖಾತ್ರಿ."

 ಅವಳು ತೊಲೆ ಬಿಟ್ಟು ಕೈ ಚಾಚಿದಳು. ಅವಳನ್ನು ನಡುವೆ ಮಲಗಿಸಿಕೊಂಡೆವು. ನೀರು ಪಾತಿಯ ಅಂಚಿಗೆ ನಾಲ್ಕು ಬೆರಳು ಕೆಳಗಿತ್ತು.

ಹಿಂದಿರುಗಿ ಬರಲು ಸೆಳೆತ ಬಿಡಲಿಲ್ಲ. ಶಾಲೆಯ ಗುಡ್ಡದ ಕಡೆ ಎಳೆದುಕೊಂಡು ಹೊರಟಿತು. ಅಷ್ಟರಲ್ಲಿ ನಾನು ಕಂಡದ್ದನ್ನು ಕೂಗಬೇಕಿತ್ತು, ಕೂಗಲಾಗಲಿಲ್ಲ. ಎದುರಿಗೆ ಕರೆಂಟಿನ ಕಂಬಗಳು ಮುಳುಗಿ, ತಂತಿಗಳು ನೀರಿನಿಂದ ಎರಡಡಿ ಮೇಲೆ ಅಡ್ಡ ತೂಗುತ್ತಿದ್ದವು.

"ಎಂತ ಕಾಣ್ತದೆ? ಹೇಳೋ!" ಎಂದು ಅವರು ಅರಚಿದರು. ಅಷ್ಟು ವರ್ಷದಲ್ಲಿ ಅವರು ನನ್ನ ಮೇಲೆ ದನಿ ಏರಿಸಿದ್ದು ಅದೊಂದೇ ಸಲ.

"ತಂತಿ... ಕರೆಂಟಿನ ತಂತಿ, ಸಾಹೇಬ್ರೆ!"

"ಲೈನ್ ತೆಗ್ದಿದಾರಾ?"

"ಗೊತ್ತಿಲ್ಲ!"

"ಹಾಗಾದ್ರೆ ಕರೆಂಟು ಅದೆ ಅಂತಲೇ ತಿಳ್ಕೊ. ಹುಟ್ಟು ಒಳಗೆ. ಅಂಗಾತ ಮಲಗು. ಕೈ ಎತ್ತಬೇಡ."

ಮಲಗಿದೆವು. ನನ್ನ ತಲೆ ನಾಗಮ್ಮನ ಕಾಲಿನ ಮೇಲಿತ್ತು. ಮೊದಲ ತಂತಿ ಮೂಗಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹೋಯಿತು. ಅದರಿಂದ ಹನಿಗಳು ನನ್ನ ಮುಖಕ್ಕೆ ಬಿದ್ದವು. ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಕೆಳಗಿತ್ತು, ಕಣ್ಣು ಮುಚ್ಚಿಕೊಂಡೆ. ಹಿಂದೆ ನಾಯಕರು ತಂತಿಗಳನ್ನು ಎಣಿಸುತ್ತಿದ್ದರು, ನಡುಗುತ್ತ, ಒಂದೊಂದನ್ನೂ ಕೇಳುವಂತೆ. ನಾಲ್ಕು ಎಂದ ಮೇಲೆ ಪಾತಿ ಶಾಲೆಯ ಹಿಂದಿನ ಗೇರುಮರಗಳಿಗೆ ಹೋಗಿ ಬಡಿಯಿತು. ಅಲ್ಲಿ ಸೇರಿದ್ದ ಜನ ಹಗ್ಗ ಎಸೆದರು.

ಶಾಲೆಯ ವರಾಂಡದಲ್ಲಿ ಗೋಡೆಗೊರಗಿ ಕೂತೆ. ಯಾರೋ ಕೊಟ್ಟ ಲುಂಗಿ ಸುತ್ತಿಕೊಂಡು ನಾಯಕರು ಪಕ್ಕಕ್ಕೆ ಬಂದು ಕೂತರು. ನಾನು ಕೇಳದೆಯೇ ಹೇಳಿದರು.

ಎಪ್ಪತ್ತೊಂದರ ಡಿಸೆಂಬರ್. ಅವರಿಗೆ ಇಪ್ಪತ್ನಾಲ್ಕು ವರ್ಷ. ಪೂರ್ವದ ಗಡಿಯಲ್ಲಿ ಸೈನಿಕರಿಗೆ ಸಾಮಾನು ಇಳಿಸುವ ವಿಮಾನದಲ್ಲಿ ಎರಡನೆಯ ಪೈಲಟ್. ಎಂಜಿನ್ನಿನ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಇಳಿಯುತ್ತಿರುವುದು ಅವರ ಕಣ್ಣಿಗೆ ಬಿತ್ತು.

"ನಾ ಹಿಂದಿನ ದಿನವೂ ಒಮ್ಮೆ ಸುಮ್ನೆ ಗಾಬರಿ ಬಿದ್ದಿದ್ದೆ. ಎಲ್ಲ ನಗಾಡಿದ್ರು. ಮತ್ತೆ ಹೇಳಿದ್ರೆ ಪುಕ್ಕಲ ಅಂತಾರೆ ಅಂತ ಬಾಯಿ ಮುಚ್ಚಿ ಕೂತೆ. ನಾಲ್ಕು ನಿಮಿಷ, ಸಂಕೇತ. ಎಂಜಿನ್ ಬೆಂಕಿ ಹಿಡೀತು. ಗದ್ದೇಲಿ ಇಳಿಸಿದ್ರು. ನಂಗೆ ಕೈ ಮುರೀತು. ಇಳಿಸಿದ ಹಿರಿಯ ಪೈಲಟ್ ಅಲ್ಲೇ ತೀರಿಕೊಂಡ್ರು."

ಊರಿಗೆ ಬಂದಾಗ ಜನ ಹಾರ ಹಾಕಿದ್ದರು. ಆ ಹಾರದ ವಾಸನೆಗೆ ವಾಂತಿ ಬಂದಿತ್ತು ಎಂದರು. ಕೆಲವು ವರ್ಷಗಳಲ್ಲಿ ವಾಯುಸೇನೆ ಬಿಟ್ಟು ಕಾನೂನು ಓದಿದರು, ಕಾರವಾರದಲ್ಲಿ ವಕೀಲಿ ಮಾಡಿದರು, ಜಡ್ಜ್ ಆಗಿ ಕೋಲಾರ, ತುಮಕೂರು, ಚಾಮರಾಜನಗರಕ್ಕೆ ಹೋದರು. ಕೊಲೆ ಮೊಕದ್ದಮೆಯ ತೀರ್ಪಿನ ಬೆಳಿಗ್ಗೆ ಅವರಿಗೆ ತಿಂಡಿ ಇಳಿಯುತ್ತಿರಲಿಲ್ಲವೆಂದು ವೈಜಯಂತಿಬಾಯಿ ಆಮೇಲೆ ನನಗೆ ಹೇಳಿದರು. ತಪ್ಪಾಗಿದ್ದರೆ ಎಂಬ ಭಯಕ್ಕೆ ಸಾಕ್ಷ್ಯವನ್ನೆಲ್ಲ ಮೊದಲಿನಿಂದ ಗಟ್ಟಿಯಾಗಿ ಓದುತ್ತಿದ್ದರಂತೆ. ಒಮ್ಮೆ ಹಾಗೆ ಓದುವಾಗಲೇ ಸಾಕ್ಷಿಯೊಬ್ಬ ಹೇಳಿದ ಹೊತ್ತು ಹೊಂದುವುದಿಲ್ಲವೆಂದು ತಿಳಿದು, ಬರೆದಿಟ್ಟ ತೀರ್ಪು ಹರಿದು, ಆರೋಪಿಯನ್ನು ಬಿಟ್ಟರಂತೆ. ಬಿಟ್ಟದ್ದು ಸರಿಯೇ ಎಂಬ ಹೆದರಿಕೆ ಆಮೇಲೂ ಹೋಗಲಿಲ್ಲ. ರಜೆ ಸಿಕ್ಕಾಗಲೆಲ್ಲ ಕಾಡಿಗೆ ಹೋಗುತ್ತಿದ್ದರು. ಅಲ್ಲಿ ಹೆದರುವುದು ಸಹಜ, ಜಿಂಕೆಯೂ ಹೆದರುತ್ತದೆ, ಯಾರೂ ನಗುವುದಿಲ್ಲ ಎನ್ನುತ್ತಿದ್ದರು.

ನೆರೆಯ ನಂತರ ಐದು ವರ್ಷ ಭಾನುವಾರಗಳಲ್ಲಿ ನಾನು ಅವರೊಂದಿಗೆ ಗುಡ್ಡ ಹತ್ತಿದೆ. ನಾಗಮ್ಮನಿಗೆ ಮೇಲಿನ ದಿಬ್ಬದಲ್ಲಿ ಹೊಸ ಮನೆಯಾಯಿತು. ಕಿಶನ ಕಾರವಾರದ ಕೆಲಸ ಬಿಟ್ಟು ಊರಿನಲ್ಲೇ ನಿಂತ.

ಹೋದ ವರ್ಷ ನಾಯಕರಿಗೆ ಎದೆನೋವು ಬಂದು ಕಾರವಾರದ ಆಸ್ಪತ್ರೆಗೆ ಸೇರಿಸಿದರು. ಎರಡನೆಯ ಬೆಳಿಗ್ಗೆ ನಾನು ಹೋದಾಗ ವೈಜಯಂತಿಬಾಯಿ ಮನೆಗೆ ಸ್ನಾನಕ್ಕೆ ಹೋಗಿದ್ದರು. ನಾಯಕರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಹೆದ್ರಿಕೆ ಆಗ್ತದೆ ಸಂಕೇತ. ಸ್ವಲ್ಪ ಕೂತ್ಕೊ."

ಹತ್ತು ನಿಮಿಷ ಕೂತೆ. ಅಂದು ಕಚೇರಿಯಲ್ಲಿ ತಪಾಸಣೆಯಿತ್ತು, ಅಂಕೋಲೆಯ ಬಸ್ಸು ಹೊರಡುವುದರಲ್ಲಿತ್ತು. "ಎಂತ ಆಗೂದಿಲ್ಲ ಸಾಹೇಬ್ರೆ, ಸಂಜೆ ಬತ್ತೆ," ಎಂದೆ. ಅವರು ಬೆರಳು ಸಡಿಲಿಸಿದರು. ಬಾಗಿಲಲ್ಲಿ ತಿರುಗಿ ನೋಡಿದಾಗ ಇನ್ನೂ ನನ್ನನ್ನೇ ನೋಡುತ್ತಿದ್ದರು.

ಮಧ್ಯಾಹ್ನ ಎರಡಕ್ಕೆ ಆಸ್ಪತ್ರೆಯಿಂದ ಕಿಶನ ಫೋನು ಮಾಡಿದ, ಸಾಹೇಬ್ರು ಹೋದ್ರು ಎಂದ. ನಾನು ಆಗ ಕಪಾಟಿನ ಎದುರು ನಿಂತು ಹಳೆಯ ಕಡತಗಳನ್ನು ತಪಾಸಣೆಗೆ ಬಂದ ಸಾಹೇಬರಿಗೆ ತೋರಿಸುತ್ತಿದ್ದೆ.