ಎಡಗೈಯಲ್ಲಿ ಮೂಡುವ ಸ್ಪಿನೋಜಾ

ಹೇಗ್ ನಗರದ ಕಾಲುವೆಯ ಮೇಲೆ ಇನ್ನೂ ಮಂಜು ಕವಿದಿದೆ. ಗೀಸ್ಕೆ ಹೈಟ್ಮಾ ಆಗಲೇ ಮುದ್ರಣಶಾಲೆಯ ಗೋಡೆಗೆ ಸೈಕಲ್ ಒರಗಿಸಿ, ತಾಮ್ರದ ತಗಡನ್ನು ಬಿಸಿಗಿಟ್ಟಿದ್ದಾರೆ. ತಗಡಿನಲ್ಲಿ ಕೊರೆದಿರುವುದು ಸ್ಪಿನೋಜಾನ ಮುಖ. ದುರ್ಬೀನಿನ ಗಾಜು ಉಜ್ಜಿ ಹೊಟ್ಟೆ ಹೊರೆಯುತ್ತಲೇ ದೇವರ ಬಗ್ಗೆ ಯೋಚಿಸಿದ, ಇದೇ ಊರಿನಲ್ಲಿ ಕೊನೆಯುಸಿರೆಳೆದ ತತ್ವಜ್ಞಾನಿ.

ಗೀಸ್ಕೆ ತಗಡಿಗೆಲ್ಲ ಮಸಿ ಮೆತ್ತುತ್ತಾರೆ, ಬಟ್ಟೆಯಿಂದ ಒರೆಸುತ್ತಾರೆ, ಕೊನೆಗೆ ಸೀಮೆಸುಣ್ಣದ ಪುಡಿ ಸವರಿದ ಅಂಗೈಯಿಂದ ಮೆಲ್ಲಗೆ ತೀಡುತ್ತಾರೆ. ಮೇಲಿನ ಮಸಿ ಹೋಗಬೇಕು, ಗೆರೆಯೊಳಗಿನದು ಉಳಿಯಬೇಕು. ತೀಡುವುದು ಎಡಗೈ. ಬಲಗೈಯಲ್ಲಿ ಉಳಿದಿರುವುದು ಹೆಬ್ಬೆರಳು, ತೋರುಬೆರಳು ಮಾತ್ರ.

"ಯಾರ ತಪ್ಪೂ ಅಲ್ಲ. ಅಚ್ಚಿನ ಯಂತ್ರದಲ್ಲಿ ಕಾಗದದ ಮೇಲೆ ಹಾಸೋ ಕಂಬಳಿ ಸುಕ್ಕಾಗಿತ್ತು, ಸರಿ ಮಾಡೋಕ್ಕೆ ಹೋದೆ. ಉರುಳೆ ಕೈ ಎಳ್ಕೊಂಡ್ಬಿಡ್ತು" ಎನ್ನುತ್ತಾರೆ.

ಆಸ್ಪತ್ರೆಯಿಂದ ಮರಳಿದ ಗೀಸ್ಕೆಗೆ ಮುದ್ರಣಶಾಲೆಯ ಯಜಮಾನ ಮಾರ್ನಿಕ್ಸ್ ಹೇಳಿದ್ದರಂತೆ: "ಇನ್ಮೇಲೆ ಅಂಗಡೀಲಿ ಕೂತ್ಕೊ ಗೀಸ್ಕೆ. ಕಾಫಿ ಕುಡೀತಾ ಚಿತ್ರ ಮಾರು."

"ಮಾರೋ ಚಿತ್ರ ಯಾರು ಮಾಡ್ತಾರೆ, ನಿಮ್ಮಪ್ಪನಾ?"

ಬಾಯಿ ಜೋರಿತ್ತು, ಎಡಗೈ ಮಾತು ಕೇಳಲಿಲ್ಲ. ಮಸಿ ಹೆಚ್ಚಾಗಿ ಕಪ್ಪಿಟ್ಟ ಮೊದಲ ಪ್ರತಿಗಳನ್ನು ಕಂಡು ಮಾರ್ನಿಕ್ಸ್ ನಕ್ಕರು: "ಇವ್ನು ತತ್ವಜ್ಞಾನಿ ಅಲ್ಲ ಕಣೇ, ಕಲ್ಲಿದ್ದಲು ಮಾರೋನು!" ಹೆಚ್ಚು ಒರೆಸಿದರೆ ಮುಖ ಜ್ವರ ಬಂದಂತೆ ಬಿಳಿಚಿಕೊಂಡಿತು. ಹಾಳಾದ ಪ್ರತಿಗಳನ್ನು ಒಲೆಗೆ ಹಾಕಿ, ಹಿತ್ತಲಲ್ಲಿ ನಿಂತು ಅತ್ತದ್ದನ್ನೂ ಗೀಸ್ಕೆ ಮುಚ್ಚಿಡುವುದಿಲ್ಲ.

ಈ ತಗಡು ಕೊರೆದವನು ಮಾದರಿಯಾಗಿಟ್ಟುಕೊಂಡ ವರ್ಣಚಿತ್ರ ಊರಿನದೇ ಒಂದು ಸಂಗ್ರಹಾಲಯದಲ್ಲಿದೆ. ಭಾನುವಾರಗಳಂದು ಗೀಸ್ಕೆ ಬ್ರೆಡ್ಡು, ಚೀಸು ಕಟ್ಟಿಕೊಂಡು ಹೋಗಿ ಅದರ ಮುಂದೆ ಕೂರತೊಡಗಿದರು.

"ನೋಡ್ತಾ ನೋಡ್ತಾ ಗೊತ್ತಾಯ್ತು, ಆಸಾಮಿ ನಮ್ಮನ್ನ ನೋಡ್ತಾನೇ ಇಲ್ಲ. ಏನೋ ಯೋಚನೇಲಿದಾನೆ. ನಾನು ಕಣ್ಣು ಫಳಫಳ ಅನ್ನಿಸೋಕ್ಕೆ ಹೋಗ್ತಿದ್ದೆ. ರೆಪ್ಪೆ ಕೆಳಗೆ ಒಂಚೂರು ಮಸಿ ಬಿಡ್ಬೇಕಿತ್ತು, ಅಷ್ಟೇ."

ಅಷ್ಟನ್ನು ಕೈಗೆ ಕಲಿಸಲು ಇಡೀ ಒಂದು ಚಳಿಗಾಲ ಹಿಡಿಯಿತು. ಒಂದು ಬೆಳಿಗ್ಗೆ ತೇವದ ಕಾಗದ ಎತ್ತಿದಾಗ ಮುಖ ಮೂಡಿತ್ತು. ಮಾರ್ನಿಕ್ಸ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಏನೋ ಹೇಳೋ ಹಾಗಿದಾನಲ್ಲ, ಗೀಸ್ಕೆ?"

"ಹ್ಞೂಂ, ಗೀಸ್ಕೆನ ಅಂಗಡೀಲಿ ಕೂರಿಸ್ಬೇಡ ಅಂತಿದಾನೆ."

ಈಗ ಇಲ್ಲಿಂದ ಹೊರಡುವ ಸ್ಪಿನೋಜಾನ ಪ್ರತಿಗಳೆಲ್ಲ ಆ ಎಡಗೈಯವೇ. ಕಳೆದ ವಸಂತದಲ್ಲಿ ಸಂಗ್ರಹಾಲಯದವರು ಆ ವರ್ಣಚಿತ್ರದ ಪಕ್ಕದಲ್ಲೇ ಒಂದು ಪ್ರತಿಯನ್ನು ತೂಗುಹಾಕಿದರು. ಕೆಳಗಿನ ಚೀಟಿಯಲ್ಲಿ ಕೊರೆದವನ ಹೆಸರಿದೆ, ಅಚ್ಚು ತೆಗೆದವರ ಹೆಸರಿಲ್ಲ. ಬೇಸರವಾಗಲಿಲ್ಲವೇ ಎಂದರೆ ಗೀಸ್ಕೆ ಉಗುರಿನ ಮಸಿ ಕೆರೆಯುತ್ತ ನಗುತ್ತಾರೆ.

"ಉದ್ಘಾಟನೆ ದಿನ ನಾನೂ ಆ ಪ್ರತಿ ಮುಂದೆ ಹೋಗಿ ನಿಂತಿದ್ದೆ. ಹಿಂದಿನಿಂದ ಒಬ್ಬ, 'ಅಮ್ಮಾ, ಸ್ವಲ್ಪ ಸರೀತೀರಾ, ಮುಖ ಕಾಣಿಸ್ತಿಲ್ಲ' ಅಂದ. ಸರಿದೆ. ಅವ್ನು ನೋಡ್ಬೇಕು ಅಂತಿದ್ದಿದ್ದು ನನ್ನ ಕೆಲಸಾನೇ ತಾನೆ!"