ಹಗಲು ಮಲಗುವವರ ಕೋಣೆ

ಗಲ್ಫಿನ ಅಲ್ ಕೂಜ್‌ನ ಕಾರ್ಮಿಕರ ಕ್ಯಾಂಪಿನಲ್ಲಿ ನಾವು ಆರು ಮಂದಿ ಒಂದೇ ಕೋಣೆಯಲ್ಲಿದ್ದೆವು, ಎಲ್ಲರೂ ಬೇಕರಿಯ ರಾತ್ರಿಪಾಳಿಯವರು. ನಿದ್ದೆ ಹಗಲಿಗೆ. ಬಿಸಿಲು ಬರಬಾರದೆಂದು ಕಿಟಕಿಗೆ ಅಡುಗೆಯ ಫಾಯಿಲ್ ಅಂಟಿಸಿ, ಸಂದಿಗೆಲ್ಲ ಟೇಪ್ ಹೊಡೆದಿದ್ದೆವು. ಕತ್ತಲೇನೋ ಆಯಿತು, ಗಾಳಿ ನಿಂತಿತು. ನನ್ನ ಕೆಳಗಿನ ಮಂಚದಲ್ಲಿ ಮಂಗಳೂರು ಕಡೆಯ ಬ್ಯಾರಿ ಕಾಕ, ನಮ್ಮೆಲ್ಲರಿಗಿಂತ ಹಿರಿಯರು. ಮಲಗಿದರೆ ಸಾಕು, ಉಸಿರು ಕಟ್ಟುವಂತೆ ಕೆಮ್ಮುತ್ತಿದ್ದರು. ಒಂದು ದಿನ ಏಳುವುದೇ ಇಲ್ಲವೇನೋ ಎಂದು ನನಗೆ ಭಯ. ಫಾಯಿಲ್ ಕೀಳೋಣವೆಂದರೆ ಅವರೇ ಬಿಡುತ್ತಿರಲಿಲ್ಲ.

"ನನ್ನೊಬ್ಬನ ಕೆಮ್ಮಿಗೆ ನಿಮ್ಮೆಲ್ಲರ ನಿದ್ದೆ ಹಾಳು ಎಂತಕ್ಕೆ ಮಾರಾಯ?"

ಚಳಿಗಾಲದ ಒಂದು ಬೆಳಿಗ್ಗೆ ಮುನಿಸಿಪಾಲಿಟಿಯ ತಪಾಸಣೆ ಬಂತು. ಅಬಾಯಾ ತೊಟ್ಟ ಹೆಂಗಸು, ಜೊತೆಗೊಬ್ಬ ಸಹಾಯಕ. ಕ್ಯಾಂಪಿನ ಮೇಲ್ವಿಚಾರಕ ಬಾಗಿಲು ಬಡಿದು, ಲೈಟ್ ಹಾಕಿ, "ಯಲ್ಲಾ, ಎಲ್ಲ ಏಳಿ!" ಎಂದು ಅರಚಿದ. ಅವನ ತಲೆ! ಆಕೆ ತಾನೇ ಲೈಟ್ ಆರಿಸಿ, "ಮಲಗಿದವರನ್ನು ಎಬ್ಬಿಸಬೇಡ" ಎಂದು ಹಿಂದಿಯಲ್ಲಿ ಹೇಳಿ, ಟಾರ್ಚನ್ನು ನೆಲಕ್ಕೆ ಹಿಡಿದೇ ಎಲ್ಲ ನೋಡಿದಳು. ಎಷ್ಟು ಮರ್ಯಾದೆಯವಳು ಅಂದುಕೊಂಡೆ. ಹೊರಡುವಾಗ ಮಾತ್ರ, "ಫಾಯಿಲ್ ಇವತ್ತೇ ತೆಗೆಸಿ. ಕಿಟಕಿ ತೆರೆಯಲೇಬೇಕು" ಎಂದಳು.

ನನ್ನ ಪಿತ್ತ ನೆತ್ತಿಗೇರಿತು. ಎದ್ದು ಕೂತು ಹೇಳಿಯೇಬಿಟ್ಟೆ: "ಮೇಡಮ್, ಮಧ್ಯಾಹ್ನದ ಬಿಸಿಲಿಗೆ ಬಂದು ಇಲ್ಲಿ ಒಮ್ಮೆ ಕೂತು ನೋಡಿ. ಆಮೇಲೆ ಹೇಳಿ."

ಆಕೆ ಟಾರ್ಚ್ ಆರಿಸಿ ಹೊರಟಳು. ಮೇಲ್ವಿಚಾರಕ ನನ್ನನ್ನು ನುಂಗುವ ಹಾಗೆ ನೋಡಿದ. ಖಲಾಸ್, ನನ್ನ ಕೆಲಸ ಹೋಯಿತು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಆಕೆ ನಿಜಕ್ಕೂ ಬಂದಳು! ಫಾಯಿಲ್ ಹೋಗಿತ್ತು, ನಾವೆಲ್ಲ ಮುಖದ ಮೇಲೆ ಟವೆಲ್ ಹಾಕಿ ಹೊರಳಾಡುತ್ತಿದ್ದೆವು. ಸಹಾಯಕನನ್ನು ಬಾಗಿಲಲ್ಲಿ ನಿಲ್ಲಿಸಿ, ಕಾಕನ ಮಂಚದ ತುದಿಯಲ್ಲಿ ಕಿಟಕಿಗೆ ಎದುರಾಗಿ ಕೂತಳು. ಓರೆ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿತ್ತು. ಮೇಲ್ವಿಚಾರಕ ನೆರಳಿಗೆ ಕುರ್ಚಿ ತಂದಿಟ್ಟರೂ ಏಳಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ಕೂತು ಕಾಕನ ಕೆಮ್ಮು ಕೇಳಿದಳು.

"ಹಿಂದಿನ ಸಾಲಿನ ಕೋಣೆಗಳಿಗೆ ಬಿಸಿಲು ಬೀಳುವುದಿಲ್ಲ. ಇವರನ್ನು ಅಲ್ಲಿ ಎರಡು ಕೋಣೆಗೆ ಹಾಕಿ."

"ಅಲ್ಲಿ ಸಾಮಾನು ಇಟ್ಟಿದ್ದೇವೆ, ಮೇಡಮ್."

"ಬಿಸಿಲು ಬಿದ್ದರೆ ಸಾಮಾನಿಗೆ ನಿದ್ದೆ ಕೆಡುತ್ತದಾ?"

ಅಬ್ಬಾ! ಅಧಿಕಾರದಲ್ಲಿ ಇದ್ದವರು ಹೀಗೂ ಇರುತ್ತಾರಾ ಎಂದು ನನಗೆ ಎದ್ದು ಕೈಮುಗಿಯುವಷ್ಟಾಯಿತು.

ಹೊಸ ಕೋಣೆಯಲ್ಲಿ ಮೊದಲ ದಿನ ಕಿಟಕಿ ತೆರೆದೇ ಮಲಗಿದೆವು. ತಣ್ಣನೆ ಗಾಳಿ, ನೆರಳು. ನಡುವೆ ಗಕ್ಕನೆ ಎಚ್ಚರವಾಯಿತು. ಕೆಮ್ಮು ಕೇಳುತ್ತಿರಲಿಲ್ಲ. ಕೆಳಗಿಳಿದು ಕಾಕನ ಮೂಗಿನ ಹತ್ತಿರ ಕೈ ಹಿಡಿದೆ.

ಕಾಕ ಕಣ್ಣು ಬಿಡದೆಯೇ ನನ್ನ ಕೈ ತಳ್ಳಿದರು.

"ಸತ್ತಿಲ್ಲ ಮಾರಾಯ, ನಿದ್ದೆ ಬಂದದ್ದು. ಮಲಗ್ಲಿಕ್ಕೆ ಬಿಡು ಒಮ್ಮೆ."